ಕೆಳಮನೆಯ ಲ್ಯುಬೆನನ ಕಂಪ್ಯೂಟರಿಗೆ ದನಿ ಹೋದದ್ದು

ಬುಧವಾರ ಬೆಳಿಗ್ಗೆ ಪೊರಕೆಯ ಹಿಡಿಯಿಂದ
ತನ್ನ ಸೂರನ್ನು ಮೂರು ಸಲ ಕುಟ್ಟಿದ. ಅದು ನನ್ನ ನೆಲ.
ಇಳಿದು ಹೋದೆ.
ಪಿಯಾನೋಗಳಿಗೆ ಶ್ರುತಿ ಕೂಡಿಸುವ ಲ್ಯುಬೆನ್,
ಹುಟ್ಟಿದಂದಿನಿಂದ ಬೆಳಕು ಕಂಡವನಲ್ಲ,
ಟೋಪಿ ಕೂಡ ತೆಗೆಯದೆ ಕಂಪ್ಯೂಟರಿನ ಮುಂದೆ ಕೂತಿದ್ದಾನೆ.
‘ಝಿವ್ಕಾ, ಇದಕ್ಕೆ ದನಿ ಹೋಯಿತು.’

ನೆಗಡಿಗೆ ಗಂಟಲು ಕಟ್ಟಿತೇನೋ ಎಂಬಂತೆ ಕೇಳಿಸಿಕೊಂಡೆ.
ಅವನ ಮುಖ ನೋಡಿದ ಮೇಲೆ ತಿಳಿಯಿತು:
ಪರದೆಯ ಮೇಲಿನದನ್ನೆಲ್ಲ ಓದಿ ಹೇಳುತ್ತಿದ್ದದ್ದು ಆ ದನಿ,
ಆ ದನಿಯನ್ನು ಸರಿಪಡಿಸುವ ದಾರಿ ಇರುವುದು ಪರದೆಯ ಮೇಲೆ.
ಪೆಟ್ಟಿಗೆಗೆ ಬೀಗ, ಕೀಲಿಕೈ ಪೆಟ್ಟಿಗೆಯೊಳಗೆ.

ಅಕ್ಕನ ಮಗ ಬಂದವನು ಹೊಸ ಮೋಡೆಮ್ ಕೂರಿಸಿ
ಚಹಾ ಕುಡಿದು ವಾರ್ನಾಕ್ಕೆ ಹೋಗಿಬಿಟ್ಟನಂತೆ.
‘ಸೌಂಡ್ ಡ್ರೈವರ್ ಕೆಟ್ಟಿದೆ,’ ಅಂದ.
‘ಡ್ರೈವರ್ ಅಂದರೆ ಇಂಗ್ಲಿಷಿನಲ್ಲಿ ನಿನ್ನ ಕೆಲಸವೇ.’
ಇಪ್ಪತ್ತೆಂಟು ವರ್ಷ ರೂಸೆಯಲ್ಲಿ ಟ್ರಾಲಿಬಸ್ ಓಡಿಸಿದ್ದೇನೆ.
ತಂತಿಯಿಂದ ಕೋಲು ಜಾರಿದರೆ ಇಳಿದು,
ಕೈಗವಸು ಹಾಕಿ, ಹಗ್ಗ ಎಳೆದು,
ಮತ್ತೆ ಕೂರಿಸಬೇಕು; ಹಿಂದೆ ಹಾರ್ನ್ ಹೊಡೆಯುವವರು ಹೊಡೆಯಲಿ.
‘ಹಾಗಾದರೆ ಇದೂ ಅಷ್ಟೇ,’ ಅಂದ.
ಅಷ್ಟೇ ಆಗಿರಲಿಲ್ಲ.

ಕೀಲಿಗಳೆಲ್ಲ ಅವನ ಬೆರಳಿಗೆ ಬಾಯಿಪಾಠ.
ಕಣ್ಣು ನನ್ನದು, ಅದೂ ಭೂತಗನ್ನಡಿಯ ಹಿಂದೆ.
ವಿಂಡೋಸ್ ತೊಂಬತ್ತೆಂಟು, ಅದೂ ಇಂಗ್ಲಿಷಿನದು.
ನಮ್ಮ ಲಿಪಿಯ ವೇಷ ತೊಟ್ಟು ಮೋಸ ಮಾಡುವ ಅಕ್ಷರಗಳು:
ಪ ಇದ್ದಲ್ಲಿ ನಾನು ರ ಎನ್ನುವೆ, ಹ ಇದ್ದಲ್ಲಿ ನ,
ಬ ಇದ್ದಲ್ಲಿ ವ. ನಮ್ಮಲ್ಲಿಲ್ಲದ್ದು ಸಿಕ್ಕರೆ
ಹಾವಿನಂಥದು, ಬೂಟಿನಂಥದು ಎಂದು ಆಕಾರ ಹೇಳುವೆ.
ಅವನಿಗೆ ಗೊತ್ತಾಗುತ್ತಿತ್ತು;
ಪಿಯಾನೋಗಳ ಎರಕದ ಚೌಕಟ್ಟಿನ ಮೇಲೆ ಉಬ್ಬಿದ ಹೆಸರುಗಳನ್ನು
ತಡವಿ ತಡವಿ ಕಲಿತಿದ್ದನಂತೆ ಆ ಲಿಪಿಯನ್ನು.
ಓಕೆ ಮಾತ್ರ ಎರಡು ಲಿಪಿಯಲ್ಲೂ ಓಕೆ.
ಅದು ಬಂದಾಗಲೆಲ್ಲ ಕೊನೆಯ ಸ್ಟಾಪು ಬಂದ ಹಾಗೆ ಕೂಗುತ್ತಿದ್ದೆ.

‘ಹಳದಿ ಗುರುತು ಇದೆಯಾ?’
‘ಇದೆ. ಕೋಳಿಮರಿ ಹಳದಿ. ನಡುವೆ ಕಡ್ಡಿ, ಕೆಳಗೆ ಚುಕ್ಕೆ.’
‘ಕೋಳಿಮರಿ ಗೊತ್ತು,’ ಅಂದ, ‘ಬೆಚ್ಚಗಿರುತ್ತದೆ.’
ಐದನೇ ನಂಬರಿಗೆ ಮೋಡೆಮ್ಮೂ ಸೌಂಡ್ ಕಾರ್ಡೂ ಒಟ್ಟಿಗೆ ಕೈಯಿಟ್ಟಿವೆ,
ಒಂದೇ ಸ್ಟಾಪಿಗೆ ಎರಡು ಬಸ್ಸು ನುಗ್ಗಿದ ಹಾಗೆ. ಇದು ನನಗೆ ತಿಳಿಯಿತು.
ಅಳಿಸಿದೆವು. ಮುಚ್ಚಿ ತೆರೆದೆವು. ಸಿ.ಡಿ. ಹುಡುಕಿದ,
ಮೇಲೆ ಬ್ರೈಲ್ ಚೀಟಿ; ನನ್ನ ಬೆರಳಿಗೆ ಬರೀ ತರಿ.
ಎರಡು ದಿನ. ಹನ್ನೊಂದು ಸಲ.
ಒಳಗೆ ಡಿಸ್ಕು ಕರಕರ ಅಂದರೆ ‘ಈಗ ಓದುತ್ತಿದೆ,’
ಸುಮ್ಮನಾದರೆ ‘ಈಗ ನಿನ್ನನ್ನೇನೋ ಕೇಳುತ್ತಿದೆ, ನೋಡು.’
ನಾನು ತಪ್ಪು ಓದಿದ್ದಕ್ಕೆ ಒಮ್ಮೆ ಪ್ರಿಂಟರ್ ಅಳಿಸಿಹೋಯಿತು.
ಬೈಯಲಿಲ್ಲ. ಕೋಸಿನ ಉಪ್ಪಿನಕಾಯಿಯ ಜಾಡಿ ಮುಂದಿಟ್ಟ.

ಗುರುವಾರ ಸಂಜೆ, ಡ್ಯಾನ್ಯೂಬಿನ ಮಂಜು ಕಿಟಕಿಗೆ ಅಂಟಿದಾಗ,
ಮೋಡೆಮ್ಮಿಗೆ ಹತ್ತು, ದನಿಗೆ ಐದು ಎಂದು ಪಾಲು ಹಂಚಿ
ಓಕೆ ಎಂದು ಕೂಗಿದೆ.
‘ಶ್!’ ಅಂದ. ‘ಸ್ಪೀಕರ್ ಟಪ್ ಅಂತು.’
ನನಗೇನೂ ಕೇಳಿಸಲಿಲ್ಲ.
ಆಮೇಲೆ ಬಂತು ದನಿ,
ತಗಡಿನ ಮೇಲೆ ಒಣಕಾಳು ಸುರಿದ ಹಾಗೆ.
ಒಂದು ಪದವೂ ಹತ್ತಲಿಲ್ಲ. ‘ಇನ್ನೂ ಕೆಟ್ಟೇ ಇದೆಯಲ್ಲೋ!’
‘ಇಲ್ಲ ಝಿವ್ಕಾ, ಇದರ ವೇಗವೇ ಇಷ್ಟು. ನಾನು ಕೇಳುವುದೇ ಹೀಗೆ,’
ಎಂದು ತಲೆ ವಾಲಿಸಿ, ನಗುತ್ತ,
ಇಡೀ ಪುಟವನ್ನು ಒಂದೇ ಗುಟುಕಿಗೆ ಮುಗಿಸಿದ.

ಮೆಟ್ಟಿಲು ಹತ್ತುವಾಗ, ನಡುವೆ, ಕೆಟ್ಟ ಬಲ್ಬಿನ ಕೆಳಗೆ
ನಿಂತೆ. ಅಷ್ಟು ವೇಗವಾಗಿ ಕೇಳಬಲ್ಲವನು
ಎರಡು ದಿನ,
ರ, ಅಲ್ಲ ಪ, ಅಲ್ಲ ರ ಎಂದು ತಡವರಿಸುವ ನನ್ನ
ಒಂದೊಂದು ಅಕ್ಷರಕ್ಕೂ ಸ್ಟಾಪಿನಲ್ಲಿ ಕಾದಿದ್ದ,
ಒಮ್ಮೆಯೂ ಕೈಗಡಿಯಾರ ಮುಟ್ಟಿ ನೋಡದೆ.