ತೂಗುಹನಿ

ನವಲಗುಂದದ ಆಚೆ, ಕಾಲುವೆಯ ನೀರು ನಿಂತು ನಿಂತು
ಬೆಳ್ಳಗೆ ಪೊರೆಗಟ್ಟಿದ ಸವಳು ನೆಲ.
ಅಲ್ಲಿನ ಎರಡು ಚಮಚ ಮಣ್ಣನ್ನು
ಹಾರ್ಲಿಕ್ಸ್ ಬಾಟಲಿಯಲ್ಲಿ, ತೊಡೆಯ ಮೇಲಿಟ್ಟುಕೊಂಡು ತಂದೆ.
ಕಂಡಕ್ಟರ್ ಕೇಳಿದ: ಏನ್ರೀ ಅದು, ವಿಭೂತಿ ಏನು?
ಹೌದೆಂದೆ.

ಧಾರವಾಡದ ಗುಡ್ಡದ ಮೇಲೆ ನಮ್ಮ ಲ್ಯಾಬು.
ಆ ಮಣ್ಣಿನ ಬ್ಯಾಕ್ಟೀರಿಯಾದ ಒಂದೇ ಒಂದು ಕಿಣ್ವವನ್ನು
ತೊಳೆದು, ಸೋಸಿ, ಮತ್ತೆ ತೊಳೆದು
ಗಾಜಿನ ಬಿಲ್ಲೆಗೆ ಹನಿಯಾಗಿ ಅಂಟಿಸಿ
ತಲೆಕೆಳಗು ತೂಗುಹಾಕುತ್ತೇನೆ.
ಅಂಚಿಗೆ ಗ್ರೀಸು. ಹದಿನೆಂಟು ಡಿಗ್ರಿ.
ಆಮೇಲೆ ಮುಟ್ಟಬಾರದು,
ಹೆಪ್ಪು ಹಾಕಿದ ಹಾಲನ್ನು ಮುಟ್ಟದ ಹಾಗೆ.

ಮೂರನೆಯ ವಾರ ಹರಳು ಬಂತು. ಚೂಪು ಮೂಲೆ, ಮೈ ಫಳಫಳ.
ಇಡೀ ವಿಭಾಗಕ್ಕೆ ಗಿರಮಿಟ್ಟು ತರಿಸಿದೆ.
ದೊಡಮನಿ ಮೇಡಂ ಸೂಜಿ ಇಸಿದುಕೊಂಡು
ಚುಚ್ಚಿದರು. ಟಕ್ಕೆಂದಿತು.
"ಇದು ಉಪ್ಪು, ಕಸ್ತೂರಿ.
ಪ್ರೋಟೀನು ಹಿಂಗ ಸಪ್ಪಳ ಮಾಡೂದಿಲ್ಲ."
ಯಾರೋ ಗಿರಮಿಟ್ಟಿನ ಕಾಗದ ಮುದುರಿದರು.

ಎರಡು ವರ್ಷ. ನಾಲ್ಕುನೂರ ಹನ್ನೊಂದು ಹನಿ.
ಕರೆಂಟು ಹೋದ ರಾತ್ರಿ, ಜನರೇಟರಿಗೆ ಡೀಸೆಲ್ ಇಲ್ಲದೆ
ವಾಚ್‌ಮನ್ ರಾಜೇಸಾಬ ಹಸಿ ಗೋಣಿ ಹೊದಿಸಿದ:
"ಕೂಸಿಗೆ ಜ್ವರ ಬಂದಂಗ ಆಗೇದ್ರಿ ನಿಮ್ಮ ಪೆಟ್ಟಿಗಿಗೆ."

ನಿಜವಾದದ್ದು ಬಂದಾಗ ಚಂದವೇನೂ ಇರಲಿಲ್ಲ.
ಗಸಗಸೆಯ ಕಾಲುಭಾಗ, ಒಂದು ಬದಿ ಮುಕ್ಕು.
ಪಕ್ಕದಲ್ಲೇ ಹುಟ್ಟಿದ ಅದರ ತಂಗಿಗೆ ಸೂಜಿ ತಾಗಿಸಿದೆ.
ಸದ್ದಿಲ್ಲದೆ ಕುಸಿಯಿತು, ಬೆಂದ ಬಟಾಟಿಯ ಹಾಗೆ.
ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಇಂದೋರಿಗೆ ಹೋಗಿ, ಕಿರಣ ಹಾಯ್ದು, ಚುಕ್ಕೆಗಳಾಗಿ ಮರಳಿತು.
ಯಾರೋ ಚುಕ್ಕೆಯಷ್ಟೇ ಇಟ್ಟು ಎದ್ದುಹೋದ ರಂಗೋಲಿ.
ಎಳೆ ಕೂಡಿಸಲು ನನಗೆ ಏಳು ತಿಂಗಳು.

ಈಗ ಪರದೆಯ ಮೇಲೆ ತಿರುಗುತ್ತಿದೆ.
ಹೊರಮೈ ತುಂಬ ಕೆಂಪು, ಎಲ್ಲ ಋಣ ವಿದ್ಯುತ್ತು.
ಉಪ್ಪಿನ ಋಣ ಅಂತ ಅಜ್ಜಿ ಹೇಳುತ್ತಿದ್ದುದು ಬೇರೆ ಲೆಕ್ಕ,
ಆದರೂ ನಗು ಬಂತು.
ಅಷ್ಟು ಋಣ ಹೊತ್ತದ್ದರಿಂದಲೇ ಇದು
ಸುತ್ತಲ ಉಪ್ಪು ಎಳೆದರೂ ತನ್ನ ಪಾಲಿನ ನೀರು ಬಿಟ್ಟುಕೊಟ್ಟಿಲ್ಲ.
ಉಪ್ಪು ತೆಗೆದು ಸಿಹಿನೀರಿಗೆ ಬಿಡಿ:
ಮಡಿಕೆ ಬಿಚ್ಚಿ, ಆಕಾರ ಮರೆತು, ಬರೀ ದಾರ.

ಮುನ್ನೂರ ಆರು ನೀರು ಗುರುತಿಸಿದ್ದೇನೆ, ಒಂದೊಂದಾಗಿ.
ಮುನ್ನೂರ ಏಳನೆಯದು, ಬಲಗಡೆಯ ಪೊಟರೆಯಲ್ಲಿ,
ನೀರೋ, ಉಪ್ಪಿನ ಸೋಡಿಯಮ್ಮೋ.
ಎರಡಕ್ಕೂ ಎಲೆಕ್ಟ್ರಾನು ಹತ್ತೇ; ಕಿರಣಕ್ಕೆ ಭೇದವಿಲ್ಲ.
ಇಲ್ಲಿ ಸೂಜಿ ನಡೆಯುವುದಿಲ್ಲ.
"ನೀರಂತ ಬರೆದು ಕಳಿಸು," ಎಂದರು ಮೇಡಂ, ಮನೆಗೆ ಹೊರಡುತ್ತ.

ರಾಜೇಸಾಬ ಎರಡು ಸಲ ಬಂದು ಹೋದ, ಬೀಗದ ಕೈ ಕುಲುಕುತ್ತ.
ನಾನಿನ್ನೂ ಏನೂ ಬರೆದಿಲ್ಲ.