ಬೆನ್ನ ಹಿಂದಿನ ಬಾವುಟ

ಮೊದಲ ನೋಡಿದ್ದು ಅವನ ಮಾರಿ ಅಲ್ಲ,
ಅವನ ಬೆನ್ನ ಹಿಂದಿನ ಬಾವುಟ.
ಕೇಸರಿ ಪಟ್ಟಿ ಒಂದು ಬೆರಳು ಜಾಸ್ತಿ,
ಚಕ್ರ ಹಸಿರಿನ ಕಡೆ ಸರದು
ಬೆವರಿಗೆ ಜಾರಿದ ಕುಂಕುಮದಂಗ ಇತ್ತು.

ಬೆಂಗೇರಿಯ ಶೆಡ್ಡಿನಾಗ ಇಪ್ಪತ್ತೆರಡು ವರ್ಷ
ಬಾವುಟ ಹೊಲಿದಾಕಿ ನಾನು.
ಗೆರಿ ಒಂದು ಕೂದಲೆಳಿ ಸರದ್ರೂ
ಇಡೀ ಬಾವುಟ ತಿರುಗಿ ನಮ್ಮ ಮುಂದ ಬೀಳತೈತಿ.
ಕಣ್ಣು ಹೇಳಿತು: ಕಸ್ತೂರಿ, ಇದು ರಿಜೆಕ್ಟ್ ಮಾಲು.
ಕಿವಿ ಮಾತ್ರ ಅವನ ಕೈಯಾಗ ಇತ್ತು.

"ಕಸ್ತೂರಿ ಪತ್ತಾರ್, ನಿಮ್ಮ ಹೆಸರಿನ ಪಾರ್ಸಲ್
ಮುಂಬೈಯಲ್ಲಿ ಸಿಕ್ಕಿದೆ. ನೀವೀಗ ಅರೆಸ್ಟು.
ಕ್ಯಾಮೆರಾ ಮುಂದಿನಿಂದ ಏಳಬಾರದು, ಯಾರಿಗೂ ಹೇಳಬಾರದು."
ಮುಂಬೈಗೆ ನಾನು ಕಳಿಸಿದ್ದು ಒಂದ ಸಲ,
ತಂಗಿ ಬಾಣಂತನಕ್ಕ ಎರಡು ಕಿಲೋ ಅಂಟಿನುಂಡಿ.
ಅದರಾಗ ಏನರ ಇತ್ತೇನೋ ಅಂತ
ನನ್ನ ಉಂಡಿ ಮ್ಯಾಲೆ ನನಗ ಸಂಶಯ ಬಂತು ನೋಡ್ರಿ.

ಒಂದೂವರಿ ದಿನ
ಒಲಿ ಪಕ್ಕದ ಮಣಿ ಮ್ಯಾಲೆ ಕೂತೆ.
ಫೋನು ಉಪ್ಪಿನ ಡಬ್ಬಿಗೆ ಆನಿಸಿ ನಿಂತಿತ್ತು.
ಹಾಲು ಉಕ್ಕಿತು, ಒರಸಲಿಲ್ಲ.
ಬಚ್ಚಲಕ್ಕ ಹೋಗಲಿಕ್ಕೂ ಅಪ್ಪಣಿ ಕೇಳಿದೆ,
ಅವ ಗಡಿಯಾರ ನೋಡಿ "ಎರಡು ನಿಮಿಷ" ಅಂದ.
ಬಾಜೂ ಮನಿ ಮೆಹರೂನ ಬಾಗಿಲಾ ಬಡದು
"ಅಕ್ಕಾ, ನೀರು ಬಂದಾವು!" ಅಂತ ಒದರಿದಳು,
ಎಂಟು ದಿನಕ್ಕ ಬಂದ ನೀರು.
"ಜ್ವರ ಬಂದೈತಿ" ಅಂದೆ ಒಳಗಿಂದನ.
ನಳ ಅಂಗಳದಾಗ ಸುಮ್ಮನ ಹರದು ಹೋತು.

ಬ್ಯಾಂಕಿನ್ಯಾಗ ಕೌಂಟರಿನ ಹುಡುಗಿ ಕೇಳಿದಳು,
"ಇಷ್ಟು ಯಾರಿಗ್ರೀ, ಅವ್ವಾರ?"
ಕುಪ್ಪಸದಾಗ ಫೋನು ಕೇಳಿಸಿಕೊಂತ ಇತ್ತು.
"ಅಳಿಯಗ, ಪ್ಲಾಟ್ ತೊಗೊಳ್ಳಾಕ" ಅಂದೆ.
ಅಳಿಯ ಇಲ್ಲ ನನಗ. ಮಗಳೂ ಇಲ್ಲ.
ಪೆಡಲ್ ತುಳಿದು ತುಳಿದು ಸವೆದ ಮೊಣಕಾಲಿಗೆ
ಆಪರೇಶನ್ ಮಾಡಸಬೇಕಂತ ಕೂಡಿಟ್ಟ ರೊಕ್ಕ,
ಎರಡು ಲಕ್ಷದ ಎಂಬತ್ತು ಸಾವಿರ,
ಒಂದ ಸಹಿಗೆ ಹೋತು.

ಮರುದಿನ ಸೂಜಿ ಬೆರಳಿಗೆ ಹೊಕ್ಕಿತು,
ಬಿಳಿ ಪಟ್ಟಿ ಮ್ಯಾಲೆ ರಕ್ತ.
ಸುಲೋಚನಾ ಬೆರಳು ಹಿಡಕೊಂಡು
ಮಾರಿ ನೋಡಿ ಕೇಳಿದ್ದು ಒಂದ ಮಾತು:
"ಎಷ್ಟು ಹೋತು?"
ಆಕೀದು ಹೋದ ವರ್ಷ ಹೋಗಿತ್ತಂತ.
ಗಂಡಗೂ ಹೇಳಿರಲಿಲ್ಲಂತ.
ಡಬ್ಬಿ ಊಟ ಬಿಟ್ಟು ಆಕಿನ ಒತ್ತಿದಳು
ಒಂದು, ಒಂಬತ್ತು, ಮೂರು, ಸೊನ್ನಿ.

ಠಾಣೆಯಾಗ ಖರೇ ಪೊಲೀಸ್ ಹೆಣ್ಮಗಳ ಕಾಲರ್ ಸವದಿತ್ತು.
ಆಕಿ ಹಿಂದ ಬಾವುಟ ಇರಲಿಲ್ಲ,
ಹೋದ ತಿಂಗಳಿನ ಕ್ಯಾಲೆಂಡರ್ ಇತ್ತು.
"ಕೂಡ್ರಿ" ಅಂದಳು, ಚಾ ತರಿಸಿದಳು,
ಪೆನ್ನು ಮೂಡಲಿಲ್ಲ, ಇನ್ನೊಂದು ಹುಡುಕಿದಳು.
ಚಾ ಕುಡಕೊಂತ ನನಗ ನಗು ಬಂತು, ಅಳೂ ಬಂತು:
ರೇಷನ್ ಕಾರ್ಡಿನ್ಯಾಗ ಒಂದು ಅಕ್ಷರ ತಿದ್ದಾಕ
ಮೂರು ವರ್ಷ ಅಡ್ಡಾಡಿಸಿದ ಸರ್ಕಾರ
ಒಂದ ಮಧ್ಯಾಹ್ನದಾಗ ಅಡಗಿಮನಿ ಹೊಕ್ಕು
ಅರೆಸ್ಟು ಮಾಡತೈತೇನ, ಹುಚ್ಚೀ?

ಅರವತ್ತೊಂದು ಸಾವಿರ ದಾರ್ಯಾಗ ತಡದ್ರು.
ಉಳಿದದ್ದು ಯಾವ ಊರು ಸೇರಿತೋ.
ಮೊಣಕಾಲು ಇನ್ನೂ ನೋಯತಾವು.
"ಇಷ್ಟು ಶಾಣ್ಯಾಕಿ ಹೆಂಗ ಕೊಟ್ಟಿ?" ಅಂತಾರ ಓಣ್ಯಾಗ.
ಬುದ್ಧಿ ಇಲ್ಲದ್ದಕ್ಕಲ್ಲ,
ಒಬ್ಬಾಕಿನ ಕೂತದ್ದಕ್ಕ ಕೊಟ್ಟೆ.

ಹೋದ ವಾರ ಮತ್ತ ಬಂತು. ಹೊಸಾ ನಂಬರು, ಅದ ಖಾಕಿ.
ಈ ಸಲ ಶೆಡ್ಡಿನ ನಡುವಿನ ಮೇಜಿನ ಮ್ಯಾಲೆ ಇಟ್ಟೆ.
ಹದಿನೆಂಟು ಮಶೀನು ನಿಂತ್ವು,
ಹದಿನೆಂಟು ಮಂದಿ ಬಗ್ಗಿದ್ವಿ.
ಅವನ ಹಿಂದನೂ ಬಾವುಟ.
ಸುಲೋಚನಾ ಚಸ್ಮಾ ಏರಿಸಿಕೊಂಡು
ಗೆರಿ ಎಣಸತೊಡಗಿದಳು, ಜೋರಾಗಿ:
ಒಂದು... ಎರಡು... ಮೂರು...
"ಏನು ಮಾಡ್ತಿದ್ದೀರಿ?" ಅಂದ ಅವ.
ಹನ್ನೊಂದಕ್ಕ ಕಟ್ ಆತು.

ಉಳಿದ ಹದಿಮೂರು
ಕೈಯಾಗಿನ ಬಾವುಟದಾಗ ಎಣಸಿ ಮುಗಿಸಿದ್ವಿ.
ಮಶೀನು ಮತ್ತ ಸುರು ಆದ್ವು.
ನಾನು ಐದಕ್ಕ ಎದ್ದೆ,
ಅವತ್ತು ನಮ್ಮ ಓಣಿಗೆ
ನೀರು ಬರೂ ದಿನ.