ಹಣ್ಣಿಗೆ ಜಾಗ ಬಿಡುವ ವೈನು

ಜನವರಿ. ಸೆಮಫೋರಿನಲ್ಲಿ ನಲವತ್ತೊಂದು ಡಿಗ್ರಿ.
ಕಡಲ ಗಾಳಿಯೂ ಇವತ್ತು
ಕಾದ ಹಂಚಿನ ಮೇಲೆ ಹಾಯ್ದು ಬರುತ್ತಿದೆ.
ಪಕ್ಕದ ಮನೆಯ ರೆಮೆದಿಯೋಸಜ್ಜಿ
ಮಣಿಕಟ್ಟು ಮುರಿದುಕೊಂಡವಳು,
ಬಿಳಿ ಪಟ್ಟಿಯ ತುದಿಯಿಂದ ಬೆರಳು ಚಾಚಿ ಅಪ್ಪಣೆ ಕೊಟ್ಟಳು:
"ನಾಳೆ ಬೀದಿಯೂಟ, ಸಾಂಗ್ರಿಯಾ ನನ್ನ ಪಾಲಿನದು.
ಹಣ್ಣು ಹೆಚ್ಚಲಿಕ್ಕೆ ಯಾರಾದರೂ ಸಿಗುತ್ತಾರೆ,
ವೈನು ನೀನು ತಾ.
ನೀನೇ ಕುಡಿಯುವಷ್ಟು ಒಳ್ಳೆಯದಿರಲಿ,
ಚೆಲ್ಲಿದರೆ ಅಳು ಬಾರದಷ್ಟು ಅಗ್ಗವಿರಲಿ."

ಅಜ್ಜೀ, ನಾನು ಕುಡಿಯುವವಳಲ್ಲ, ಎಂದೆ.
"ಅದಕ್ಕೇ," ಎಂದಳು.
"ಕುಡಿಯುವವರನ್ನು ಕಳಿಸಿದರೆ
ತಮಗೆ ಬೇಕಾದ್ದು ತರುತ್ತಾರೆ."

ಅಂಗಡಿಯೊಳಗೆ ಎಸಿಯ ತಂಪು, ಗೋಡೆ ತುಂಬ ಕೆಂಪು.
ಬಾಟಲಿ ಬಾಟಲಿಯ ಬೆನ್ನಿಗೂ ಒಂದೊಂದು ಜಾತಕ:
ಯಾವ ಗುಡ್ಡ, ಯಾವ ವರ್ಷ, ಯಾವ ಮರದ ಪೀಪಾಯಿ,
ಅದರೊಳಗೆ ಎಷ್ಟು ತಿಂಗಳ ಬಾಣಂತನ.
ಒಂದಕ್ಕೆ ಚರ್ಮದ ವಾಸನೆಯಂತೆ, ಇನ್ನೊಂದಕ್ಕೆ ತಂಬಾಕಿನದಂತೆ.
ಚರ್ಮ ತಂಬಾಕು ಕುಡಿಯಲಿಕ್ಕೆ
ಮೂವತ್ತೆಂಟು ಡಾಲರು!

ಕೈಗೆ ಸಿಕ್ಕ ಶಿರಾಜ್ ಎತ್ತಿದೆ.
ಅಂಗಡಿಯ ಹುಡುಗ ಲಾಕ್ಲನ್ ಓಡಿ ಬಂದ.
"ಸಾಂಗ್ರಿಯಾಕ್ಕಾ? ಅದು ಬೇಡ.
ಅದು ಮಾತಾಡುತ್ತಲೇ ಇರುತ್ತೆ,
ಕಿತ್ತಳೆಗೆ ಬಾಯಿ ತೆರೆಯಲಿಕ್ಕೂ ಬಿಡಲ್ಲ."
ಹಾಗಾದರೆ ಆ ರಟ್ಟಿನ ಡಬ್ಬಿ?
ನಲ್ಲಿ ತಿರುವಿದರೆ ಸುರಿಯುವ ನಾಲ್ಕು ಲೀಟರು?
"ನಾಳಿದ್ದಿನ ತಲೆನೋವಿಗೆ ನೀವೇ ಹೊಣೆ," ಎಂದ.
"ರುಚಿ ನೋಡಿ ಬೇಕಾದರೆ."

ತಿಕೋಟಾದಲ್ಲಿ ನಮ್ಮಪ್ಪ ಒಣದ್ರಾಕ್ಷಿಯ ದಲಾಲಿ.
ಶೆಡ್ಡಿನ ಜಾಲರಿಯ ಮೇಲೆ ಹದಿನೈದು ದಿನ ನೆರಳುಂಡ ಮಾಲು,
ಬೊಗಸೆಯಲ್ಲೆತ್ತಿ, ಒಂದೇ ಒಂದು ಬಾಯಿಗೆ ಹಾಕಿ,
ಕಣ್ಣು ಮುಚ್ಚಿ ಅಗಿದು
ಉಗುಳಿ
ಆಮೇಲೆ ದರ ಹೇಳುತ್ತಿದ್ದ.
ನುಂಗಿದ್ದು ನಾನೊಮ್ಮೆಯೂ ನೋಡಲಿಲ್ಲ.
"ನುಂಗಿದವಗ ರುಚಿ ತಿಳೀತೈತಿ, ಖರೆ.
ದರಾ ತಿಳಿಯಂಗಿಲ್ಲವ್ವಾ."

ಉಗುಳಲಿಕ್ಕೆ ಬಕೆಟ್ಟಿದೆಯಾ, ಕೇಳಿದೆ.
ಹುಡುಗ ನಗಲಿಲ್ಲ. ನೇರ ನಿಂತ,
ದೊಡ್ಡ ಗಿರಾಕಿ ಬಂದರು ಅಂದುಕೊಂಡನೋ ಏನೋ.

ಮೊದಲನೆಯದು ದಾಳಿಂಬೆ ಸಿಪ್ಪೆ ಕಚ್ಚಿದ ಹಾಗೆ,
ವಸಡೆಲ್ಲ ಬಿಗಿದುಕೊಂಡಿತು.
ಎರಡನೆಯದು ಸಿಹಿ, ಬರೀ ಸಿಹಿ,
ಹಣ್ಣು ಬೀಳುವ ಮೊದಲೇ ಶರಬತ್ತು.
ಮೂರನೆಯದು ಗ್ರೆನಾಶ್,
ಇಲ್ಲೇ ಮಕ್ಲಾರೆನ್ ವೇಲಿನದು, ಹೋದ ವರ್ಷದ್ದು,
ಪೀಪಾಯಿಯ ಮುಖ ಕಾಣದ್ದು.
ಬಿಸಿಲು ತಿಂದ ಕೆಂಪು ಹಣ್ಣು,
ಒಂದು ಚಿಟಿಕೆ ಮೆಣಸು,
ಆಮೇಲೆ ಸ್ವಲ್ಪ ಖಾಲಿ.
ಯಾರೋ ಜಮಖಾನದ ಮೇಲೆ ಸರಿದು ಕೂತು
ಬನ್ನಿ, ಇಲ್ಲಿ ಜಾಗ ಇದೆ, ಅಂದ ಹಾಗಿನ ಖಾಲಿ.

ಉಗುಳಿದೆ. ಕಣ್ಣು ತೆರೆಯುವ ಮೊದಲೇ
ಬಾಯಿಂದ ಅಪ್ಪನ ದನಿ ಬಂತು: ಹನ್ನೆರಡು.
"ಹದಿನಾಲ್ಕು, ಮೇಡಂ. ಬರೆದಿದೆಯಲ್ಲ."
ಆರು ಬಾಟಲಿ ತಗೋತೀನಿ. ಹನ್ನೆರಡು.
ಹದಿಮೂರಕ್ಕೆ ನಿಂತಿತು.

ರಾತ್ರಿ, ಪಾತ್ರೆ ಸಾಲದೆ,
ರಾಮನವಮಿಗೆ ಪಾನಕ ಕದಡುವ ಸ್ಟೀಲಿನ ಕೊಳಗವನ್ನೇ ಇಳಿಸಿದೆ.
(ರಾಮನಿಗೆ ಹೊಸದು ಕೊಳ್ಳುತ್ತೇನೆ, ಹರಕೆ.)
ಕಿತ್ತಳೆ, ನಿಂಬೆ, ಪೀಚ್, ಎರಡು ತುಂಡು ಚಕ್ಕೆ,
ಅಜ್ಜಿ ಕಪಾಟಿನ ಹಿಂದಿನಿಂದ ತೆಗೆಸಿದ ಅರ್ಧ ಲೋಟ ಬ್ರಾಂದಿ.
ಮುಚ್ಚಿ ಫ್ರಿಜ್ಜಿಗಿಟ್ಟೆವು.
ನಡುರಾತ್ರಿ ಎದ್ದು ಒಮ್ಮೆ ಮುಚ್ಚಳ ತೆಗೆದು ನೋಡಿದೆ:
ಕಿತ್ತಳೆಯ ಹೋಳುಗಳು ಅಂಚಿನಿಂದ ಒಳಕ್ಕೆ
ಮೆಲ್ಲಗೆ ಕೆಂಪಾಗುತ್ತಿದ್ದವು.

ಮರುದಿನ ಬೀದಿಯವರೆಲ್ಲ ಕುಡಿದರು.
ಐಸು ಕರಗಿತು, ಸೋಡಾ ಮುಗಿಯಿತು,
ಯಾರದೋ ನಾಯಿ ಮೇಜಿನಡಿ ನೆಕ್ಕಿ ಮಲಗಿತು.
ಯಾವ ವೈನು ಎಂದು ಒಬ್ಬರೂ ಕೇಳಲಿಲ್ಲ.
ರೆಮೆದಿಯೋಸಜ್ಜಿ ಎಡಗೈಲಿ ಲೋಟ ಹಿಡಿದು,
ಕಣ್ಣು ಮುಚ್ಚಿ, ಬಾಯೊಳಗೆ ಹೊರಳಿಸಿ,
ನುಂಗಿ,
"ಕಿತ್ತಳೆ ಕಡಿಮೆಯಾಯಿತು," ಎಂದಳು.

ಸಂಜೆ ಕೊಳಗ ತೊಳೆಯಲಿಕ್ಕೆ ಒಳಗೆ ತಂದೆ.
ತಳದಲ್ಲಿ ನಾಲ್ಕು ಹೋಳು ಪೀಚು ಉಳಿದಿತ್ತು.
ನಾನು ಕುಡಿಯುವವಳಲ್ಲ.
ತಿಂದೆ.
ಉಗುಳಲಿಲ್ಲ.